ಗುಜರಿಗೆ ಹೋಗದ ಕಂಪ್ಯೂಟರ್‌ಗಳು: ಲಿನಕ್ಸ್, ಲಿಪಿ ಮತ್ತು ನಮ್ಮ ಊರುಗಳು

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು. ಬೇಕಾದವರು ಇನ್ನೊಂದು ವರ್ಷ ಸುರಕ್ಷಾ ತಿದ್ದುಪಡಿಗಳನ್ನು ಪಡೆಯಬಹುದೆಂದು ಒಂದಿಷ್ಟು ಗಡುವು ಕೊಟ್ಟಿತು, ಅಷ್ಟೆ. ಮುಂದಿನ ವಿಂಡೋಸ್ 11 ಓಡಬೇಕಾದರೆ ಕಂಪ್ಯೂಟರಿನಲ್ಲಿ ಟಿಪಿಎಂ 2.0 ಎಂಬ ಸುರಕ್ಷಾ ಚಿಪ್ ಇರಬೇಕು, ಪ್ರೊಸೆಸರ್ ಕೂಡ ಹೆಚ್ಚುಕಡಿಮೆ 2018ರ ನಂತರದ್ದಾಗಿರಬೇಕು. ಚಿಕ್ಕಬಳ್ಳಾಪುರದ ಡಿಟಿಪಿ ಅಂಗಡಿಯಲ್ಲಿ, ಶಿಡ್ಲಘಟ್ಟದ ರೀಲರ್ ಒಬ್ಬರ ಲೆಕ್ಕದ ಮೇಜಿನ ಮೇಲೆ, ಗೌರಿಬಿದನೂರಿನ ಟ್ಯೂಷನ್ ಮನೆಯಲ್ಲಿ, ಚಿಂತಾಮಣಿಯ ಫೋಟೋ ಸ್ಟುಡಿಯೋದಲ್ಲಿ ಇರುವ ಯಂತ್ರಗಳ ಪೈಕಿ ಈ ಪರೀಕ್ಷೆಯಲ್ಲಿ ಪಾಸಾಗದವು ಎಷ್ಟೋ ಇವೆ. ಅವು ಕೆಟ್ಟಿಲ್ಲ. ನಿನ್ನೆ ಮಾಡುತ್ತಿದ್ದ ಕೆಲಸವನ್ನು ಇವತ್ತೂ ಮಾಡುತ್ತವೆ. ಆದರೂ ಅವುಗಳ ಆಯುಷ್ಯ ಮುಗಿಯಿತೆಂದು ಯಾರೋ ದೂರದಲ್ಲಿ ಕುಳಿತು ತೀರ್ಪು ಕೊಟ್ಟಿದ್ದಾರೆ.

ಇಂಥ ತೀರ್ಪು ಇದೇ ಮೊದಲಲ್ಲ. 2014ರ ಏಪ್ರಿಲ್ 8ರಂದು ವಿಂಡೋಸ್ ಎಕ್ಸ್‌ಪಿಗೂ ಹೀಗೆಯೇ ಆಯಿತು. ಆಗ ನಮ್ಮ ಊರುಗಳಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕಾರಣ ಸರಳ. ಬಹುತೇಕರ ಎಕ್ಸ್‌ಪಿ ದುಡ್ಡು ಕೊಟ್ಟು ತಂದದ್ದೇ ಆಗಿರಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಂದ ಸಿ.ಡಿ.ಯೇ ಎಲ್ಲರ ಗುರು. ಕಳ್ಳ ಪ್ರತಿಯ ಮೇಲೆ ಒಂದಿಡೀ ತಲೆಮಾರು ಕಂಪ್ಯೂಟರ್ ಕಲಿಯಿತು ಎಂಬುದು ಹೇಳಿಕೊಳ್ಳಲು ಹೆಮ್ಮೆಯ ವಿಷಯವಲ್ಲ, ಮುಚ್ಚಿಡಬೇಕಾದದ್ದೂ ಅಲ್ಲ. ಆದರೆ ಅದರಿಂದ ಆದ ಒಂದು ನಷ್ಟವನ್ನು ನಾವು ಗಮನಿಸಬೇಕು. ಪುಕ್ಕಟೆಯಾಗಿ ಸಿಗುತ್ತಿದ್ದ ಕಳ್ಳ ಪ್ರತಿಯೇ, ನ್ಯಾಯವಾಗಿ ಪುಕ್ಕಟೆಯಾಗಿದ್ದ ಇನ್ನೊಂದು ತಂತ್ರಾಂಶ ನಮ್ಮ ಬೀದಿಗೆ ಬಾರದಂತೆ ತಡೆಯಿತು.

ಆ ಇನ್ನೊಂದರ ಕಥೆ ಶುರುವಾಗುವುದೇ ಒಂದು ಹಾರ್ಡ್‌ವೇರ್ ತೊಂದರೆಯಿಂದ. 1980ರ ಸುಮಾರಿಗೆ ಅಮೆರಿಕದ ಎಂಐಟಿ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯಿಂದ ಒಂದು ಹೊಸ ಲೇಸರ್ ಪ್ರಿಂಟರ್ ಬಂತು. ಅದರಲ್ಲಿ ಪದೇ ಪದೇ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ರಿಚರ್ಡ್ ಸ್ಟಾಲ್‌ಮನ್, ಹಿಂದಿನ ಪ್ರಿಂಟರಿನ ತಂತ್ರಾಂಶವನ್ನು ತಿದ್ದಿ, ಕಾಗದ ಸಿಕ್ಕಿಕೊಂಡರೆ ಕಾಯುತ್ತಿರುವವರ ತೆರೆಯ ಮೇಲೆ ಸಂದೇಶ ಬರುವಂತೆ ಮಾಡಿದ್ದರು. ಹೊಸ ಪ್ರಿಂಟರಿಗೂ ಹಾಗೇ ಮಾಡೋಣವೆಂದರೆ ಅದರ ಮೂಲ ಸಂಕೇತ ಸಿಗಲಿಲ್ಲ. ಬೇರೊಂದು ವಿಶ್ವವಿದ್ಯಾಲಯದಲ್ಲಿ ಅದನ್ನು ಇಟ್ಟುಕೊಂಡಿದ್ದವರು ಕಂಪನಿಗೆ ಮಾತು ಕೊಟ್ಟಿದ್ದೇವೆಂದು ಕೊಡಲೊಪ್ಪಲಿಲ್ಲ. ರಿಪೇರಿ ಗೊತ್ತಿರುವವನಿಗೆ ರಿಪೇರಿ ಮಾಡಲು ಬಿಡದ ಈ ವ್ಯವಸ್ಥೆಯನ್ನು ಸ್ಟಾಲ್‌ಮನ್ ನೀತಿಯ ಪ್ರಶ್ನೆಯಾಗಿ ನೋಡಿದರು. 1983ರ ಸೆಪ್ಟೆಂಬರಿನಲ್ಲಿ ಗ್ನೂ ಯೋಜನೆಯನ್ನು ಸಾರಿದರು. 1991ರ ಆಗಸ್ಟ್ 25ರಂದು ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್, ತಮ್ಮ 386 ಕಂಪ್ಯೂಟರಿಗಾಗಿ ಹವ್ಯಾಸಕ್ಕೆಂದು ಬರೆಯುತ್ತಿದ್ದ ಕರ್ನಲ್‌ನ ಸುದ್ದಿ ಕೊಟ್ಟರು. ಈ ಎರಡೂ ಸೇರಿ ಇಂದು ನಾವು ಲಿನಕ್ಸ್ ಎನ್ನುವ ಕಾರ್ಯಾಚರಣ ವ್ಯವಸ್ಥೆಯಾಯಿತು.

ನಮ್ಮ ಭಾಗದ ಜನರಿಗೆ ಈ ವಾದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆಯ ಇತಿಹಾಸ ಒಂದು ರೀತಿಯಲ್ಲಿ ರಿಪೇರಿಯ ಇತಿಹಾಸವೇ. ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಗೆ ಕಾಲಿಟ್ಟ ಈ ಕಸುಬು ಚರಕದಿಂದ ಕಾಟೇಜ್ ಬೇಸಿನ್ನಿಗೆ, ಅಲ್ಲಿಂದ ಸ್ವಯಂಚಾಲಿತ ಯಂತ್ರಗಳಿಗೆ ಬಂದು ನಿಂತಿದೆ. ಈ ಪಯಣದುದ್ದಕ್ಕೂ ಯಂತ್ರ ಕೆಟ್ಟರೆ ಪಕ್ಕದ ಗಲ್ಲಿಯ ಮೆಕ್ಯಾನಿಕ್ ಬಿಚ್ಚಿ ನೋಡಬಹುದಿತ್ತು, ಹಲ್ಲು ಸವೆದರೆ ಲೇತಿನಲ್ಲಿ ಹೊಸದನ್ನು ಕೊರೆಸಬಹುದಿತ್ತು. ಬಿಚ್ಚಬಾರದು ಎಂಬ ಸೀಲು ಹೊತ್ತ ಯಂತ್ರ ಈ ಬೀದಿಗಳಿಗೆ ತಡವಾಗಿ ಬಂದ ಅತಿಥಿ. ಗೌರಿಬಿದನೂರಿಗೂ ಇಂಥದ್ದೇ ಇನ್ನೊಂದು ಪರಂಪರೆಯಿದೆ. ಅಲ್ಲಿ 1970ರ ದಶಕದಲ್ಲಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ ರೇಡಿಯೋ ದೂರದರ್ಶಕ ದೊಡ್ಡ ಲೋಹದ ಬಟ್ಟಲಲ್ಲ. ಹೊಲದಲ್ಲಿ ಟಿ ಆಕಾರದಲ್ಲಿ ನೆಟ್ಟ 1000 ಸರಳ ತಂತಿಯ ಆಂಟೆನಾಗಳ ಸಾಲು. ಅದರಿಂದಲೇ 34.5 ಮೆಗಾಹರ್ಟ್ಸ್ ತರಂಗದಲ್ಲಿ ಆಕಾಶದ ನಕ್ಷೆ ಬರೆದರು. ಅದೇ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂದು ಜೀವನವಿಡೀ ಹೇಳಿದರು. ಒಳಗೇನಿದೆ ಎಂದು ಕೇಳಲೂ ಬಿಡದ ತಂತ್ರಾಂಶವನ್ನು ಅವರ ಜಿಲ್ಲೆಯ ಶಾಲೆಗಳು ಮರುಮಾತಿಲ್ಲದೆ ಒಪ್ಪಿಕೊಂಡದ್ದು ವಿಚಿತ್ರವೇ ಸರಿ.

ಆದರೆ ಲಿನಕ್ಸ್ ನಮ್ಮಲ್ಲಿ ಬೇರೂರದಿರಲು ಕಳ್ಳ ಸಿ.ಡಿ. ಒಂದೇ ಕಾರಣವಲ್ಲ. ದೊಡ್ಡ ಕಾರಣ ಲಿಪಿ.

ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಚಿಂತಾಮಣಿಗಳ ಮೂಲಕ ಕೋಲಾರಕ್ಕೆ ಹೋಗುವ ರೈಲುಹಾದಿ ಒಂದು ಕಾಲಕ್ಕೆ ನ್ಯಾರೋ ಗೇಜ್ ಆಗಿತ್ತು ಎಂಬುದು ಹಿರಿಯರಿಗೆ ನೆನಪಿರುತ್ತದೆ. ಆ ಪುಟ್ಟ ರೈಲು ನಿಂತು, ಹಳಿ ಬದಲಾಗಿ, ಬ್ರಾಡ್ ಗೇಜ್ ರೈಲು ಇಡೀ ಹಾದಿಯಲ್ಲಿ ಓಡಲು 2013ರವರೆಗೆ ಕಾಯಬೇಕಾಯಿತು. ಎಂಜಿನ್ ಎಷ್ಟೇ ಗಟ್ಟಿಯಾಗಿರಲಿ, ಗೇಜ್ ಬೇರೆಯಾದರೆ ಅದು ಮುಂದಿನ ಊರಿಗೆ ಹೋಗಲಾರದು. ಕಂಪ್ಯೂಟರಿನಲ್ಲಿ ಕನ್ನಡದ ಕಥೆಯೂ ಇದೇ. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದ ತಳಹದಿಯ ಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಸರಕಾರಿ ಕಚೇರಿಗಳನ್ನು ಹೊಕ್ಕಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಬಂದ ಕುವೆಂಪು ತಂತ್ರಾಂಶದ ಹಿಂದೆ ಪೂರ್ಣಚಂದ್ರ ತೇಜಸ್ವಿಯವರ ಒತ್ತಾಸೆಯಿತ್ತು. ಇವರೆಲ್ಲರ ಉಪಕಾರ ದೊಡ್ಡದು. ಆದರೆ ಆ ದಿನಗಳ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು. ಪ್ರತಿ ಕಂಪನಿಯದೂ ಒಂದೊಂದು ಗೇಜ್, ಎಲ್ಲರ ರೈಲೂ ಓಡುತ್ತಿದ್ದದ್ದು ಮಾತ್ರ ವಿಂಡೋಸ್ ಎಂಬ ಒಂದೇ ನಿಲ್ದಾಣದೊಳಗೆ. ಹೀಗಾಗಿ ಡಿಟಿಪಿ ಮಾಡುವವರಿಗೆ ಕನ್ನಡ ಎಂದರೆ ನುಡಿ, ನುಡಿ ಎಂದರೆ ವಿಂಡೋಸ್ ಎಂಬ ಸಮೀಕರಣ ಗಟ್ಟಿಯಾಯಿತು.

ಲಿನಕ್ಸ್ ಹುಟ್ಟಿದ 1991ರಲ್ಲೇ ಯೂನಿಕೋಡ್‌ನ ಮೊದಲ ಆವೃತ್ತಿಯೂ ಬಂತು, ಅದರಲ್ಲಿ ಕನ್ನಡಕ್ಕೆ ಜಾಗವೂ ಇತ್ತು. ಆದರೆ ಸಂಕೇತ ಸಿಕ್ಕ ಮಾತ್ರಕ್ಕೆ ಅಕ್ಷರ ಮೂಡುವುದಿಲ್ಲ. 'ರಾಷ್ಟ್ರ' ಎಂಬ ಪದದ ಒತ್ತಕ್ಷರಗಳನ್ನು ಒಂದರ ಕೆಳಗೊಂದು ಜೋಡಿಸಲು, ಅರ್ಕಾವೊತ್ತನ್ನು ಅಕ್ಷರದ ಮುಂದೆ ಕೂರಿಸಲು ಒಂದು ಪ್ರತ್ಯೇಕ ಯಂತ್ರಾಂಗ ಬೇಕು. 2000ದ ದಶಕದ ಮೊದಲ ವರ್ಷಗಳಲ್ಲಿ ಲಿನಕ್ಸ್‌ನಲ್ಲಿ ಕನ್ನಡ ತೆರೆದವರಿಗೆ ಮುರಿದ ಒತ್ತುಗಳು, ದಿಕ್ಕು ತಪ್ಪಿದ ಮಾತ್ರೆಗಳು ಕಾಣುತ್ತಿದ್ದವು. ಕೇದಗೆ, ಮಲ್ಲಿಗೆ ಎಂಬ ಮುಕ್ತ ಫಾಂಟುಗಳು ಬಂದವು. ಮುಂದೆ ಲೋಹಿತ್, ಗುಬ್ಬಿ, ನವಿಲು ಬಂದವು. ಹೂವುಗಳ ಹೆಸರಿನ ನಂತರ ಹಕ್ಕಿಗಳ ಹೆಸರು! ಸ್ವಯಂಸೇವಕರು ಮೆನುಗಳನ್ನು ಒಂದೊಂದಾಗಿ ಕನ್ನಡಕ್ಕೆ ತಂದರು. 2011ರ ಫೆಬ್ರವರಿಯಲ್ಲಿ ಬಂದ ಡೆಬಿಯನ್ 6.0ರಲ್ಲಿ ಲಿನಕ್ಸನ್ನು ಕನ್ನಡದಲ್ಲೇ ಅನುಸ್ಥಾಪಿಸುವ ಅವಕಾಶ ದೊರೆಯಿತು. ಅದೂ ಚಿತ್ರಾತ್ಮಕ ಅನುಸ್ಥಾಪಕದಲ್ಲಿ ಮಾತ್ರ. ಬರಿಯ ಅಕ್ಷರಗಳ ಕಪ್ಪು ತೆರೆಗೆ ನಮ್ಮ ಒತ್ತಕ್ಷರ ಹಿಡಿಸುವುದಿಲ್ಲ.

ಇಲ್ಲಿ ನಮ್ಮ ಊರುಗಳಿಗೆ ಹತ್ತಿರವಾದ ಒಂದು ಸಂಗತಿಯನ್ನು ಹೇಳಲೇಬೇಕು. ಈ ಸೀಮೆಯಲ್ಲಿ ಮನೆಯಲ್ಲಿ ದಖ್ಖನಿ, ಸಂತೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡಿ ಬೆಳೆದವರು ಸಾವಿರಾರು ಮಂದಿ. ಕೈವಾರದ ತಾತಯ್ಯನವರು ತೆಲುಗು, ಕನ್ನಡ ಎರಡರಲ್ಲೂ ಹಾಡು ಕಟ್ಟಿದ ನೆಲ ಇದು. ಮದುವೆಯ ಆಮಂತ್ರಣ ಪತ್ರವೊಂದರಲ್ಲೇ ಕನ್ನಡವೂ ಉರ್ದುವೂ ಅಕ್ಕಪಕ್ಕ ಇರುತ್ತವೆ. ಉರ್ದುವಿನ ನಸ್ತಾಲೀಖ್ ಬರಹ ಕನ್ನಡಕ್ಕಿಂತಲೂ ಕಷ್ಟದ್ದು. ಅಕ್ಷರಗಳು ಮೇಲಿನಿಂದ ಕೆಳಕ್ಕೆ ಓರೆಯಾಗಿ ಇಳಿಯುತ್ತವೆ, ಪಕ್ಕದ ಅಕ್ಷರಕ್ಕೆ ತಕ್ಕಂತೆ ಪ್ರತಿ ಅಕ್ಷರದ ರೂಪವೂ ಬದಲಾಗುತ್ತದೆ. ಅದಕ್ಕೇ ಉರ್ದು ಪತ್ರಿಕೆಗಳು ಬಹುಕಾಲ ಕಾತಿಬರ ಕೈಯನ್ನೇ ನಂಬಿದ್ದವು. 1927ರಲ್ಲಿ ಆರಂಭವಾದ ಚೆನ್ನೈನ 'ಮುಸಲ್ಮಾನ್' ದಿನಪತ್ರಿಕೆ 21ನೇ ಶತಮಾನಕ್ಕೂ ಕೈಬರಹದಲ್ಲೇ ಕಾಲಿಟ್ಟಿತು. 1994ರಲ್ಲಿ ಬಂದ ಇನ್‌ಪೇಜ್ ಈ ಕೆಲಸವನ್ನು ಕಂಪ್ಯೂಟರಿಗೆ ತಂದಿತು. ಆದರೆ ಅದೂ ವಿಂಡೋಸ್‌ನ ಒಳಗೇ, ತನ್ನದೇ ಗೇಜಿನಲ್ಲೇ. ಕನ್ನಡಕ್ಕೆ ನುಡಿ, ಉರ್ದುವಿಗೆ ಇನ್‌ಪೇಜ್. ಒಂದೇ ಆಮಂತ್ರಣ ಪತ್ರಕ್ಕೆ ಎರಡು ತಂತ್ರಾಂಶ, ನಡುವೆ ಅಂಟಿಸುವ ಕೆಲಸ.

ಈ ಗಂಟನ್ನು ಬಿಡಿಸಿದ್ದು ಹಾರ್ಫ್‌ಬಜ್ ಎಂಬ ಮುಕ್ತ ಯಂತ್ರಾಂಗ. ಅದನ್ನು ಇಂದಿನ ರೂಪಕ್ಕೆ ತಂದವರು ಇರಾನ್ ಮೂಲದ ಬೆಹದಾದ್ ಇಸ್ಫಹ್‌ಬೋದ್. ಹೆಸರು ಫಾರಸಿಯದು. 'ಹರ್ಫ್' ಎಂದರೆ ಅಕ್ಷರ, 'ಬಾಜ್' ಎಂದರೆ ತೆರೆದದ್ದು. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್, ಆಂಡ್ರಾಯ್ಡ್ ಫೋನುಗಳು ಎಲ್ಲವೂ ಇಂದು ಅಕ್ಷರ ಜೋಡಿಸಲು ಇದನ್ನೇ ಬಳಸುತ್ತವೆ. ಓದುಗರು ತಮ್ಮ ಫೋನಿನಲ್ಲಿ ಕನ್ನಡದ ಒಂದು ಒತ್ತಕ್ಷರ ನೋಡಿದಾಗಲೆಲ್ಲ, ಅದನ್ನು ಸರಿಯಾದ ಜಾಗದಲ್ಲಿ ಕೂರಿಸಿದ್ದು ಫಾರಸಿ ಹೆಸರಿನ ಈ ಯಂತ್ರಾಂಗವೇ ಆಗಿರುವ ಸಂಭವ ಹೆಚ್ಚು. ನೋಟೊ ನಸ್ತಾಲೀಖ್ ಉರ್ದು ಎಂಬ ಮುಕ್ತ ಫಾಂಟ್ 2014ರಲ್ಲಿ ಬಂದ ಮೇಲೆ ಕನ್ನಡ, ತೆಲುಗು, ಉರ್ದು ಮೂರನ್ನೂ ಒಂದೇ ಪುಟದಲ್ಲಿ, ಒಂದೇ ತಂತ್ರಾಂಶದಲ್ಲಿ ಬರೆಯಲು ಲಿನಕ್ಸ್‌ನಲ್ಲಿ ಯಾವ ಅಡ್ಡಿಯೂ ಉಳಿಯಲಿಲ್ಲ. ಕೀಲಿಮಣೆಯ ಪಟ್ಟಿಯಲ್ಲಿ ಇನ್‌ಸ್ಕ್ರಿಪ್ಟ್ ಜೊತೆಗೆ ನುಡಿಯವರಿಗೆ ರೂಢಿಯಾದ ಕಗಪ ವಿನ್ಯಾಸವೂ ಇದೆ. ಅಂದರೆ, 2005ರಲ್ಲಿ ಲಿನಕ್ಸ್ ಬೇಡ ಎನ್ನಲು ಇದ್ದ ದೊಡ್ಡ ಕಾರಣ ಇಂದು ಇಲ್ಲ. ಈ ಸುದ್ದಿ ನಮ್ಮ ಡಿಟಿಪಿ ಅಂಗಡಿಗಳಿಗೆ ತಲುಪಿಲ್ಲ, ಅಷ್ಟೆ.

ಇನ್ನು ಹಳೆಯ ಲ್ಯಾಪ್‌ಟಾಪ್‌ನ ವಿಷಯ. ಲಿನಕ್ಸ್ ಹಾಕಿದರೆ ಹಳೆಯ ಯಂತ್ರ ಕುದುರೆಯಂತೆ ಓಡುತ್ತದೆ ಎಂದು ಉತ್ಸಾಹಿಗಳು ಹೇಳುವುದುಂಟು. ನಾವು ಅಷ್ಟು ದೂರ ಹೋಗಲಾರೆವು. ಕೆಟ್ಟ ರ‍್ಯಾಮ್‌ಗೆ, ಸಾಯುತ್ತಿರುವ ಹಾರ್ಡ್ ಡಿಸ್ಕ್‌ಗೆ ಯಾವ ಕಾರ್ಯಾಚರಣ ವ್ಯವಸ್ಥೆಯೂ ಔಷಧಿಯಲ್ಲ. ಆದರೆ ರೋಗ ಎಲ್ಲಿದೆ ಎಂದು ಹೇಳುವುದರಲ್ಲಿ ಲಿನಕ್ಸ್ ಒಳ್ಳೆಯ ಹಕೀಮ. ಪೆನ್ ಡ್ರೈವಿನಿಂದಲೇ ಲೈವ್ ಆಗಿ ಓಡಿಸಿ ನೋಡಬಹುದು, ಯಂತ್ರದೊಳಗೆ ಏನನ್ನೂ ಬರೆಯಬೇಕಿಲ್ಲ. ವಿಂಡೋಸ್‌ನಲ್ಲಿ ನಿಂತುಹೋಗುತ್ತಿದ್ದ ಲ್ಯಾಪ್‌ಟಾಪ್ ಲೈವ್ ಲಿನಕ್ಸ್‌ನಲ್ಲೂ ನಿಂತುಹೋದರೆ ದೋಷ ಬಹುಮಟ್ಟಿಗೆ ಹಾರ್ಡ್‌ವೇರಿನದು. ನಿಲ್ಲದಿದ್ದರೆ ಡಿಸ್ಕಿನದೋ ವಿಂಡೋಸಿನದೋ ಇರಬೇಕು.

ಮೊದಲು ನೋಡಬೇಕಾದದ್ದು ಎಲ್ಲಕ್ಕಿಂತ ಅಗ್ಗದ ಭಾಗವನ್ನು. ಮದರ್‌ಬೋರ್ಡಿನ ಮೇಲೆ ಗಡಿಯಾರ ನಡೆಸುವ ಒಂದು ಗುಂಡಿ ಬ್ಯಾಟರಿ ಇರುತ್ತದೆ, ಸಾಮಾನ್ಯವಾಗಿ ಸಿಆರ್ 2032. ಅದು ಸತ್ತರೆ ಪ್ರತಿ ಸಲ ಆನ್ ಮಾಡಿದಾಗಲೂ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ದಿನಾಂಕ ತಪ್ಪಿದ್ದರೆ ಸುರಕ್ಷಿತ ಜಾಲತಾಣಗಳು ತೆರೆಯುವುದಿಲ್ಲ, ತಂತ್ರಾಂಶಗಳನ್ನು ಇಳಿಸಿಕೊಳ್ಳಲು ಲಿನಕ್ಸ್ ಒಪ್ಪುವುದಿಲ್ಲ. ಅವುಗಳ ಪ್ರಮಾಣಪತ್ರ ಇನ್ನೂ ಜಾರಿಗೇ ಬಂದಿಲ್ಲ ಎಂದು ಯಂತ್ರ ಭಾವಿಸುತ್ತದೆ. ಇಷ್ಟಕ್ಕೇ ಇಂಟರ್‌ನೆಟ್ ಕೆಟ್ಟಿದೆ ಎಂದು ಲ್ಯಾಪ್‌ಟಾಪ್ ಮೂಲೆ ಸೇರುವುದುಂಟು.

ರ‍್ಯಾಮ್ ಪರೀಕ್ಷೆಗೆ ಮೆಮ್‌ಟೆಸ್ಟ್ ಎಂಬ ಪುಟ್ಟ ಸಾಧನವಿದೆ, ರಾತ್ರಿ ಹಚ್ಚಿಟ್ಟರೆ ಬೆಳಿಗ್ಗೆ ಉತ್ತರ. ದೋಷ ಕಂಡರೆ ಪಟ್ಟಿಯನ್ನು ಕಿತ್ತು, ಅದರ ಹೊನ್ನಿನ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುವುದು ಎಲ್ಲ ಮೆಕ್ಯಾನಿಕ್‌ಗಳೂ ಬಲ್ಲ ಉಪಾಯ. ಅದಕ್ಕೂ ಬಗ್ಗದಿದ್ದರೆ ಬದಲಿಸಬೇಕು. ರ‍್ಯಾಮ್ ಮದರ್‌ಬೋರ್ಡಿಗೇ ಬೆಸೆದಿದ್ದರೆ? ಆಗ ವಿಂಡೋಸ್ ಬಳಕೆದಾರರಿಗೆ ಮೆಕ್ಯಾನಿಕ್ ಕೈಚೆಲ್ಲುವುದೇ ಹೆಚ್ಚು. ಲಿನಕ್ಸ್‌ನಲ್ಲಾದರೋ ಹಾಳಾದ ವಿಳಾಸಗಳನ್ನು ಮುಟ್ಟಬೇಡ ಎಂದು ಕರ್ನಲ್‌ಗೆ ಹೇಳಿಬಿಡಬಹುದು. ಹುಳುಕು ಬಿದ್ದ ಭಾಗವನ್ನು ಕತ್ತರಿಸಿ ಉಳಿದ ಬದನೆಕಾಯಿಯನ್ನು ಸಾರಿಗೆ ಹಾಕಿದಂತೆ.

ಹಾರ್ಡ್ ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಂಡಿರುತ್ತದೆ. ಸ್ಮಾರ್ಟ್ ಎಂಬ ಈ ದಾಖಲೆಯನ್ನು ಲಿನಕ್ಸ್‌ನಲ್ಲಿ ಓದುವುದು ಸುಲಭ. ಕೆಟ್ಟ ಭಾಗಗಳ ಸಂಖ್ಯೆ ವಾರದಿಂದ ವಾರಕ್ಕೆ ಏರುತ್ತಿದ್ದರೆ, ಟಕ್ ಟಕ್ ಸದ್ದು ಬರುತ್ತಿದ್ದರೆ, ಅನುಸ್ಥಾಪನೆಯ ಮಾತು ಪಕ್ಕಕ್ಕಿಟ್ಟು ಮೊದಲು ಒಳಗಿರುವ ಫೋಟೋ, ಕಾಗದಪತ್ರಗಳನ್ನು ಹೊರಗೆ ತೆಗೆಯಬೇಕು. ನಂತರ ಅದರ ಜಾಗಕ್ಕೆ ಎಸ್‌ಎಸ್‌ಡಿ. ಹಳೆಯ ಲ್ಯಾಪ್‌ಟಾಪ್‌ಗೆ ಮಾಡುವ ಖರ್ಚಿನಲ್ಲಿ ಇದಕ್ಕಿಂತ ಸಾರ್ಥಕವಾದದ್ದು ಇನ್ನೊಂದಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಬಿಚ್ಚಿದ ಮೇಲೆ ಫ್ಯಾನಿನ ದೂಳು ತೆಗೆದು, ಪ್ರೊಸೆಸರ್ ಮೇಲೆ ಒಣಗಿ ಪುಡಿಯಾದ ಥರ್ಮಲ್ ಪೇಸ್ಟ್ ಬದಲಿಸದೆ ಮುಚ್ಚಬಾರದು. ಅರ್ಧ ಗಂಟೆಯಲ್ಲಿ ತಾನಾಗಿ ಆಫ್ ಆಗುವ ಯಂತ್ರಗಳ ಕಾಯಿಲೆ ಹೆಚ್ಚಾಗಿ ಬಿಸಿಯೇ. ಉಬ್ಬಿದ ಬ್ಯಾಟರಿಯನ್ನು ಮಾತ್ರ ಚುಚ್ಚುವುದು, ಒತ್ತುವುದು ಮಾಡದೆ ಹಾಗೇ ತೆಗೆದಿಡಬೇಕು. ಬೆಂಕಿ ಹೊತ್ತುವ ವಸ್ತು ಅದು.

ವೈ-ಫೈ ಲಿನಕ್ಸ್‌ನವರ ಹಳೆಯ ತಲೆನೋವು. ಕೆಲವು ವೈ-ಫೈ ಚಿಪ್‌ಗಳಿಗೆ ಅವುಗಳ ತಯಾರಕರೇ ಕೊಡುವ ಮುಚ್ಚಿದ ಫರ್ಮ್‌ವೇರ್ ಬೇಕು. ಸಿದ್ಧಾಂತಕ್ಕೆ ಕಟ್ಟುಬಿದ್ದ ಡೆಬಿಯನ್ ಅದನ್ನು ತನ್ನ ಅಧಿಕೃತ ಸಿ.ಡಿ.ಯೊಳಗೆ ಬಿಟ್ಟುಕೊಂಡಿರಲಿಲ್ಲ. ಫರ್ಮ್‌ವೇರ್ ಇಳಿಸಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್‌ಗೆ ಫರ್ಮ್‌ವೇರ್ ಬೇಕು! 2022ರಲ್ಲಿ ಸದಸ್ಯರು ಮತ ಹಾಕಿ ನಿಯಮ ಬದಲಿಸಿದರು, 2023ರ ಡೆಬಿಯನ್ 12ರಿಂದ ಅದು ಜೊತೆಗೇ ಬರುತ್ತಿದೆ. ತತ್ವ ಸಡಿಲವಾಯಿತೆಂದು ಬೇಸರಪಟ್ಟವರಿದ್ದಾರೆ. ಊರ ಬಳಕೆದಾರನ ಕಡೆಯಿಂದ ನೋಡಿದರೆ ಒಳ್ಳೆಯ ತೀರ್ಮಾನ ಅನಿಸುತ್ತದೆ.

ಲಿನಕ್ಸ್‌ಗೂ ವಯಸ್ಸಿನ ಮಿತಿಯಿದೆ ಎಂಬುದನ್ನು ಮುಚ್ಚಿಡಬಾರದು. ಟೊರ್ವಾಲ್ಡ್ಸ್ ಅವರು ಯಾವ 386ಕ್ಕಾಗಿ ಬರೆದರೋ ಅದೇ 386ರ ಬೆಂಬಲವನ್ನು 2012ರಲ್ಲಿ ಕರ್ನಲ್‌ನಿಂದ ತೆಗೆಯಲಾಯಿತು. 2025ರ ಡೆಬಿಯನ್ 13ನ್ನು 32 ಬಿಟ್ ಕಂಪ್ಯೂಟರಿನಲ್ಲಿ ಅನುಸ್ಥಾಪಿಸಲಾಗುವುದಿಲ್ಲ. ಅಂಥ ಯಂತ್ರಗಳಿಗೆ ಡೆಬಿಯನ್ 12 ಇದೆ, ಅದಕ್ಕೆ 2028ರ ಜೂನ್‌ವರೆಗೆ ಸುರಕ್ಷಾ ತಿದ್ದುಪಡಿಗಳು ಬರುತ್ತವೆ. 64 ಬಿಟ್ ಆಗಿದ್ದು 4 ಜಿಬಿ ರ‍್ಯಾಮ್ ಇದ್ದರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹೊಸಬರಿಗೆ ಹಿತವಾಗುತ್ತದೆ.

ಇದನ್ನೆಲ್ಲ ಯಾರು ಮಾಡಿದ್ದಾರೆ ಎಂದು ಕೇಳುವವರು ಕಾಸರಗೋಡನ್ನು ನೋಡಬೇಕು. ಕೇರಳ ಸರಕಾರದ ಐಟಿ@ಸ್ಕೂಲ್ ಯೋಜನೆ 2000ದ ದಶಕದ ಉತ್ತರಾರ್ಧದಲ್ಲಿ ಶಾಲೆಗಳನ್ನು ಲಿನಕ್ಸ್‌ಗೆ ತಂದಿತು. ಅದು 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕಂಪ್ಯೂಟರ್ ಪಠ್ಯಪುಸ್ತಕವೂ ಕನ್ನಡದಲ್ಲಿದೆ. ಕೆಟ್ಟ ಶಾಲಾ ಕಂಪ್ಯೂಟರ್‌ಗಳನ್ನು ಒಂದೆಡೆ ಸೇರಿಸಿ ದುರಸ್ತಿ ಮಾಡುವ ಹಾರ್ಡ್‌ವೇರ್ ಕ್ಲಿನಿಕ್‌ಗಳನ್ನೂ ಆ ಯೋಜನೆ ನಡೆಸಿತು. ತಂತ್ರಾಂಶದ ಸ್ವಾತಂತ್ರ್ಯ ಮತ್ತು ಸ್ಕ್ರೂಡ್ರೈವರ್ ಒಟ್ಟಿಗೇ ಹೋಗಬೇಕೆಂದು ಅವರಿಗೆ ಹೊಳೆದಿತ್ತು. ಬೆಂಗಳೂರಿನಲ್ಲಿ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್‌ನ ಯುವಕರು ಗುರಪ್ಪನಪಾಳ್ಯದ ಬಳಿಯ ಕೊಳೆಗೇರಿಯಲ್ಲಿ, ದಾನವಾಗಿ ಬಂದ ಹಳೆಯ ಕಂಪ್ಯೂಟರ್‌ಗಳಿಗೆ ಲಿನಕ್ಸ್ ಹಾಕಿ ಅಂಬೇಡ್ಕರ್ ಸಮುದಾಯ ಕಂಪ್ಯೂಟರ್ ಕೇಂದ್ರ ನಡೆಸಿದರು. ಕರ್ನಾಟಕದ ಪ್ರೌಢಶಾಲಾ ಶಿಕ್ಷಕರಿಗೂ 2011ರಿಂದ ವಿಷಯ ಶಿಕ್ಷಕರ ವೇದಿಕೆಯ ಮೂಲಕ ಉಬುಂಟುವಿನಲ್ಲಿ ತರಬೇತಿ ಸಿಕ್ಕಿತ್ತು. ಹಾಗೆ ನೋಡಿದರೆ 2001ರಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಬಡವರ ಕಂಪ್ಯೂಟರ್ ಎಂದು ರೂಪಿಸಿದ ಸಿಂಪ್ಯೂಟರ್ ಓಡಿದ್ದೂ ಲಿನಕ್ಸ್ ಮೇಲೆಯೇ. ನಮ್ಮಲ್ಲಿ ಆರಂಭಗಳಿಗೆ ಬರವಿಲ್ಲ. ಕೇರಳದಲ್ಲಿ ಸರಕಾರ ಬದಲಾದರೂ ಯೋಜನೆ ಉಳಿಯಿತು, ಇಲ್ಲಿ ಉಳಿಯಲಿಲ್ಲ.

ಅಡಚಣೆಗಳು ಇಲ್ಲವೆಂದಲ್ಲ. ಟ್ಯಾಲಿ ಬೇಕಾದವರಿಗೆ ವಿಂಡೋಸ್ ತಪ್ಪಿದ್ದಲ್ಲ. ಹಳೆಯ ನುಡಿ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೂ ಕಣ್ಣಿಟ್ಟು ತಿದ್ದಬೇಕಾಗುತ್ತದೆ. ಡಿಜಿಟಲ್ ಸಹಿಯ ಟೋಕನ್ ಬಳಸುವ ಕೆಲವು ಸರಕಾರಿ ಜಾಲತಾಣಗಳು ವಿಂಡೋಸನ್ನೇ ಬಯಸುತ್ತವೆ. ಇನ್ನು ನಮ್ಮ ಜೆರಾಕ್ಸ್ ಅಂಗಡಿಗಳಲ್ಲಿ ಎಲ್ಲೆಲ್ಲೂ ಕಾಣುವ ಅಗ್ಗದ ಲೇಸರ್ ಪ್ರಿಂಟರುಗಳಲ್ಲಿ ಕೆಲವು, ತಮ್ಮ ಗುಟ್ಟಿನ ಭಾಷೆಯಲ್ಲಲ್ಲದೆ ಮಾತಾಡುವುದಿಲ್ಲ. ಲಿನಕ್ಸ್‌ನಲ್ಲಿ ಅವುಗಳಿಂದ ಒಂದು ಹಾಳೆ ತೆಗೆಯಲು ಮಧ್ಯಾಹ್ನವಿಡೀ ಬೇಕಾದೀತು. ಸ್ಟಾಲ್‌ಮನ್ ಅವರ ಪ್ರಿಂಟರ್ 40 ವರ್ಷಗಳಾದರೂ ರಿಪೇರಿಯಾಗಿಲ್ಲ ಎನ್ನಬೇಕು. ಅಂಗಡಿಯವರು ಒಂದು ಯಂತ್ರದಲ್ಲಿ ವಿಂಡೋಸ್ ಉಳಿಸಿಕೊಂಡು ಉಳಿದವನ್ನು ಬದಲಿಸಿಕೊಳ್ಳುವುದೇ ಜಾಣತನ.

ಏನು ಮಾಡಿದರೂ ಏಳದ ಯಂತ್ರಗಳೂ ಇರುತ್ತವೆ. ಅವನ್ನು ಕೆ.ಜಿ. ಲೆಕ್ಕದಲ್ಲಿ ಮಾರಿದರೆ ಬೆಂಗಳೂರಿನ ಯಾವುದೋ ಗಲ್ಲಿಯಲ್ಲಿ, ತಾಮ್ರಕ್ಕಾಗಿ ತಂತಿ ಸುಡುವ, ಚಿನ್ನಕ್ಕಾಗಿ ಆಮ್ಲದಲ್ಲಿ ಬೋರ್ಡ್ ಅದ್ದುವ ಕೈಗಳಿಗೆ ಹೋಗುತ್ತವೆ. ಆ ಕೈಗಳಲ್ಲಿ ಬಹಳಷ್ಟು ನಮ್ಮದೇ ಜನರವು, ಸೀಸದ ಹೊಗೆ ಕುಡಿಯುವುದು ಅವರ ಮಕ್ಕಳು. ಇ-ತ್ಯಾಜ್ಯಕ್ಕೆ 2012ರ ಮೇ ತಿಂಗಳಿಂದಲೇ ಕಾನೂನಿದೆ. ಡಾಬಸ್‌ಪೇಟೆಯಲ್ಲಿ 2005ರಲ್ಲೇ ಅಧಿಕೃತ ಮರುಬಳಕೆ ಘಟಕ ಆರಂಭವಾಯಿತು. ಎಲ್ಲಿಗೆ ಕೊಡುವುದಾದರೂ, ಅದಕ್ಕೆ ಮೊದಲು ಲೈವ್ ಪೆನ್ ಡ್ರೈವಿನಿಂದ ಆನ್ ಮಾಡಿ ಹಾರ್ಡ್ ಡಿಸ್ಕನ್ನು ಪೂರ್ತಿ ಸೊನ್ನೆಗಳಿಂದ ತುಂಬಿಸಬೇಕು. ಆನ್ ಆಗದಿದ್ದರೆ ಡಿಸ್ಕನ್ನು ಬಿಚ್ಚಿ ಮನೆಯಲ್ಲೇ ಇಟ್ಟುಕೊಳ್ಳಬೇಕು. ಡಿಟಿಪಿ ಅಂಗಡಿ, ಸ್ಟುಡಿಯೋಗಳ ಡಿಸ್ಕುಗಳಲ್ಲಿ ಊರಿನ ಅರ್ಧ ಜನರ ಆಧಾರ್ ಪ್ರತಿ, ಪಡಿತರ ಚೀಟಿ, ಹೆಣ್ಣುಮಕ್ಕಳ ಫೋಟೋಗಳು ಇರುತ್ತವೆ. ಬರಿಯ ಡಿಲೀಟ್ ಒತ್ತಿದರೆ ಅವು ಅಳಿಯುವುದಿಲ್ಲ.